ಯಾವುದನ್ನು ಮೊದಲು ಓದಲಿ ಅಂದೆಯಲ್ಲ

ಇಸ್ಮೇನಿಯಾ,
ಧಕ್ಕೆಯ ಮೆಟ್ಟಿಲ ಮೇಲೆ ಒದ್ದೆ ಬೂಟು ಕಳಚುತ್ತ
ಪ್ರಾಣಿಗಳ ಬಗ್ಗೆ ಯಾವುದನ್ನು ಮೊದಲು ಓದಲಿ ಅಂದೆ.
ಇಳಿತ ಶುರುವಾಗಿತ್ತು, ದೋಣಿ ನೆಲ ಕಚ್ಚುವ ಹೊತ್ತು,
ಕೈಗೆ ಸಿಕ್ಕಿದ್ದನ್ನು ನಿನ್ನ ಚೀಲಕ್ಕೆ ತುರುಕಿ ಬಂದೆ.
ಅದು ಕೋಳಿ ಸಾಕಣೆಯ ಪುಸ್ತಕ. ಕ್ಷಮಿಸು.

ಈಗ ಕಾಸ್ತ್ರೋದಲ್ಲಿ ಲಂಗರು ಹಾಕಿ ಕೂತಿದ್ದೇನೆ.
ಇಂಜಿನ್ನಿಗೆ ಹೊಸ ಬೆಲ್ಟು ಮಂಗಳವಾರ ಬರುತ್ತದಂತೆ.
ಚಿಲೋಯೆಯ ಮಂಗಳವಾರ ನಿನಗೆ ಗೊತ್ತಲ್ಲ,
ಶುಕ್ರವಾರದ ಮಧ್ಯಾಹ್ನ ಬರುತ್ತದೆ.
ಅಷ್ಟರಲ್ಲಿ ಹೇಳಿಬಿಡುತ್ತೇನೆ.

ಹಸಿರು ರಟ್ಟಿನದು ಕೀಟಗಳದ್ದು.
ಮರ ಕೊರೆಯುವ ಹುಳದ ಅಧ್ಯಾಯವನ್ನು
ಹುಳವೇ ಕೊರೆದಿದೆ, ಅಂಚಿನಿಂದ ಒಳಕ್ಕೆ,
ತನ್ನ ಚಿತ್ರದ ಆರು ಕಾಲು ಮಾತ್ರ ಉಳಿಸಿ.
ಇದಕ್ಕಿಂತ ಶಿಫಾರಸು ಯಾರು ಬರೆದಾರು?
ಮುನ್ನುಡಿಯನ್ನು ಅದು ಮುಟ್ಟಿಲ್ಲ.
ನೀನೂ ಮುಟ್ಟಬೇಡ.

ಕಪ್ಪೆಗಳದ್ದು ತೆಳ್ಳಗಿದೆ, ಒಂದೇ ರಾತ್ರಿಗೆ ಸಾಕು.
ನಮ್ಮ ಕಾಡಲ್ಲೇ ಇರುವ, ಎಲೆಮೂತಿಯ ಪುಟ್ಟ ಕಪ್ಪೆ:
ಗಂಡು ತನ್ನ ಗಂಟಲ ಚೀಲದಲ್ಲಿ ಮರಿಗಳನ್ನಿಟ್ಟುಕೊಂಡು
ಬಾಲ ಕರಗಿ ಕಾಲು ಮೂಡುವ ತನಕ ಸಾಕುತ್ತದೆ.
ಹಾಡು ಹುಟ್ಟುವ ಜಾಗದಲ್ಲೇ ತೊಟ್ಟಿಲು.
ಚುಕ್ಕಾಣಿ ಹಿಡಿಯುವ ಅಬ್ದೋನ್‌ಗೆ ಓದಿ ಹೇಳಿದೆ.
ಆರು ಮಕ್ಕಳ ತಂದೆ. ಎರಡು ದ್ವೀಪ ದಾಟುವ ತನಕ ಸುಮ್ಮನಿದ್ದ,
ಆಮೇಲೆ, "ಮತ್ತೆ ಅಷ್ಟು ದಿನ ಅದು ಉಣ್ಣುವುದೇನು?" ಅಂದ.
ಪುಸ್ತಕದಲ್ಲಿ ಹುಡುಕಿದೆ, ಸಿಗಲಿಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದೇನೆ
ಪ್ರಶ್ನೆ, ತಾರೀಖು, ಅಬ್ದೋನನ ಹೆಸರು.

ಹಕ್ಕಿಗಳದ್ದು ಎರಡಿವೆ. ದಪ್ಪನೆಯದನ್ನು ಬಿಡು,
ಅದರಲ್ಲಿ ಹಕ್ಕಿಗಳೆಲ್ಲ ಅಂಗಾತ ಮಲಗಿ ಅಳತೆ ಕೊಟ್ಟಿವೆ.
ಸಣ್ಣದರಲ್ಲಿ ಒಬ್ಬಳು ಹೆಂಗಸು ಪೊದೆಯ ಕೆಳಗೆ ಕೂತು
ಚುಕಾವೊ ಹಕ್ಕಿಯ ಕೂಗನ್ನು ಮೂರು ಚಳಿಗಾಲ ಎಣಿಸಿದ್ದಾಳೆ.
ಬಲಕ್ಕೆ ಕೂಗಿದರೆ ಶುಭ, ಎಡಕ್ಕೆ ಕೂಗಿದರೆ ಮನೆಗೆ ತಿರುಗು,
ಇದು ನಿನ್ನಜ್ಜಿಯ ಮಾತು.
ಅದು ಕೂಗಿನಿಂದ ತನ್ನ ಜಾಗಕ್ಕೆ ಬೇಲಿ ಕಟ್ಟುತ್ತಿದೆ,
ನಿನ್ನ ಎಡಬಲ ಅದಕ್ಕೆ ಲೆಕ್ಕಕ್ಕಿಲ್ಲ,
ಇದು ಆ ಹೆಂಗಸಿನ ಮಾತು.
ನಾನು ಅವಳನ್ನು ನಂಬುತ್ತೇನೆ.
ಎಡಕ್ಕೆ ಕೂಗಿದ ದಿನ ಮಾತ್ರ
ದೋಣಿಯ ಹಗ್ಗವನ್ನು ಇನ್ನೊಂದು ಸುತ್ತು ಬಿಗಿಯುತ್ತೇನೆ.

ನೀಲಿಯದು ಪ್ರಾಣಿಗಳ ನಡವಳಿಕೆಯದ್ದು.
ಅದನ್ನು ಹೋದ ವರ್ಷ ನಿನ್ನಪ್ಪ ಒಯ್ದಿದ್ದ,
ಚಿಪ್ಪು ಕೀಳಲು ಮುಳುಗುವವನಿಗೆ ಓದು ಯಾಕೆ ಅಂತ
ಧಕ್ಕೆಯಲ್ಲಿ ಯಾರೋ ನಕ್ಕರು.
ಎರಡೇ ವಾರಕ್ಕೆ ವಾಪಸು ತಂದ. ಒಳಗೊಂದು ಚೀಟಿ,
ಉಪ್ಪುನೀರಿಗೆ ಮಸಿ ಹರಡಿ ಹೋಗಿದೆ, ಆದರೂ ಓದಬಹುದು:
"ಕಡಲ ನೀರುನಾಯಿ ಮನುಷ್ಯನ ಹತ್ತಿರ ಸುಳಿಯದು ಎಂದಿದೆ.
ಎಂಬತ್ತೆಂಟನೇ ಪುಟ. ಸುಳ್ಳು.
ನನ್ನ ಬಲೆಚೀಲದಿಂದಲೇ ಏಡಿ ಕದ್ದಿದೆ, ನಾಲ್ಕು ಸಲ.
ನಾನಿದ್ದೆ."
ಆ ಪುಟವನ್ನು ಚೀಟಿಯ ಸಮೇತ ಓದು.

ವಿಕಾಸದ್ದು ಕೊನೆಗಿರಲಿ.
ಅದು ಚೆಲಿನ್ ದ್ವೀಪದ ಬಳಿ ನೀರಿಗೆ ಬಿದ್ದು,
ಒಣಗಿದ ಮೇಲೆ ಎರಡರಷ್ಟು ಉಬ್ಬಿ
ತನ್ನ ರಟ್ಟಿನೊಳಗೆ ತಾನೇ ಹಿಡಿಸುತ್ತಿಲ್ಲ.
"ಇದೀಗ ಬೇರೆ ಜಾತಿ" ಅನ್ನುತ್ತಾನೆ ಅಬ್ದೋನ್.
ಅದರಲ್ಲಿ ನಮ್ಮ ಕೆತ್ರು ಬಾತುಕೋಳಿ ಇದೆ,
ಹಾರುವುದನ್ನು ಬಿಟ್ಟು
ರೆಕ್ಕೆಯನ್ನೇ ಹುಟ್ಟು ಮಾಡಿಕೊಂಡು
ಅಲೆ ಸೀಳಿಕೊಂಡು ಓಡುವುದು.
ಎಷ್ಟು ಹುಟ್ಟು, ಎಷ್ಟು ಸಾವು ಬೇಕಾಯಿತೋ
ಆ ಒಂದು ಜೊತೆ ಹುಟ್ಟಿಗೆ.
ಅಷ್ಟು ಕಾಲವನ್ನು ಪುಸ್ತಕ ಸೊನ್ನೆಗಳಲ್ಲಿ ಬರೆದಿದೆ,
ನನಗೆ ಸೊನ್ನೆ ಹಿಡಿಯುವುದಿಲ್ಲ,
ಬಾತು ಹಿಡಿಯುತ್ತದೆ.

ಅಂದಹಾಗೆ ಕೋಳಿ ಪುಸ್ತಕವನ್ನು ಈಗಲೇ ತಿರುಗಿಸಬೇಡ.
ನಿಮ್ಮಂಗಳದಲ್ಲಿ ಐದು ಕೋಳಿ ನೋಡಿದ ನೆನಪು.
ಕಾಳು ಚೆಲ್ಲಿದಾಗ ಯಾವುದು ಮೊದಲು ಬರುತ್ತದೆ,
ಯಾವುದು ಯಾವುದನ್ನು ಕುಕ್ಕುತ್ತದೆ,
ಕುಕ್ಕಿಸಿಕೊಂಡದ್ದು ಸಿಟ್ಟನ್ನು ಯಾರ ಮೇಲೆ ತೀರಿಸುತ್ತದೆ,
ಒಂದು ವಾರ ಬರೆದಿಡು. ಹೆಸರಿಟ್ಟು ಬರೆ.
ಮಳೆ ಬಂದ ದಿನವೂ ಬರೆ.
ಬೆಲ್ಟು ಬಂದರೆ ಹದಿನೈದರೊಳಗೆ ನಿಮ್ಮ ಧಕ್ಕೆಯಲ್ಲಿರುತ್ತೇನೆ.
ಕಪಾಟಿನಲ್ಲಿ ಬೆರಳಗಲ ಜಾಗವಿದೆ,
ಹುಳ ತಿಂದು ಪುಸ್ತಕ ಸೊರಗಿದ ಕಡೆ.

ಎಲ್ಸೀರಾ ನಾವೆಲ್ಕಿನ್
(ಪುಸ್ತಕದೋಣಿ)