ತಾಟಿನುಂಗು

ಗಾಯ ಒಣಗಬೇಕು ಅಂತಲೇ ಕಲಿಸಿದ್ದರು ನನಗೆ.
ಗಾಳಿಯಾಡಲಿ, ಹಕ್ಕಳೆ ಕಟ್ಟಲಿ,
ತಾನಾಗಿ ಉದುರಲಿ.
ಉದುರದಿದ್ದರೆ ನಾನಿದ್ದೆ.

ಶ್ರೀರಾಮಪುರದ ಪಾಲಿಕೆ ಆಸ್ಪತ್ರೆ, ಮೂರನೇ ಕೋಣೆ.
ಹಸಿರು ಪರದೆ, ಕಾಲಲ್ಲಿ ಒತ್ತಿ ತೆರೆಯುವ ಬಕೆಟ್ಟು,
ಹತ್ತು ನಿಮಿಷಕ್ಕೊಮ್ಮೆ ಕಿಟಕಿ ತುಂಬ ಮೆಟ್ರೋ ನೆರಳು.
ಮೆಟ್ರೋಗಿಂತ ಹಳಬ ನಾನು.
ಇಪ್ಪತ್ತೊಂಬತ್ತು ವರ್ಷ ಕಿತ್ತಿದ್ದೇನೆ ಇಲ್ಲಿ
ರಕ್ತಕ್ಕಂಟಿ ಹಪ್ಪಳವಾದ ಗಾಜು ಬಟ್ಟೆ.

"ಒಂದೇ ಏಟಿಗೆ ಎಳೆದರೆ ನೋವು ಕಮ್ಮಿ"
ಅನ್ನುವುದು ನನ್ನ ಮಂತ್ರ. ಸುಳ್ಳು.
ಎಳೆದಾಗ ಬಟ್ಟೆಯ ಜೊತೆಗೇ ಬರುತ್ತಿತ್ತು
ರಾತ್ರಿಯಿಡೀ ದೇಹ ನೇಯ್ದಿದ್ದ ಎಳೆ ಚರ್ಮ.
ಗಾಯದ ಮೇಲೆ ಬರೆ ಅನ್ನುವ ಮಾತು
ಎಂಥಾ ಕೋಣೆಯಲ್ಲಿ ಹುಟ್ಟಿತೋ, ನನಗೆ ಗೊತ್ತು.

ಒಂದು ದೀಪಾವಳಿಯಾದ ಮೂರನೇ ದಿನ,
ಹೂಕುಂಡ ಸಿಡಿದ ಕೈಯ ಪುಟ್ಟಗೌರಿ, ಏಳು ವರ್ಷ,
ನನ್ನ ಮಣಿಕಟ್ಟು ಕಚ್ಚಿ ಹಿಡಿದಳು.
ಮಾಯಿತು, ಮಾಯವಾಗಲಿಲ್ಲ:
ಗಡಿಯಾರದ ಪಟ್ಟಿಯಡಿ ನಾಲ್ಕು ಹಲ್ಲು ಇನ್ನೂ ಇವೆ.
ಮನೆಯಲ್ಲಿ ನಾಯಿ ಅಂದಿದ್ದೆ.

ಈ ಬೇಸಿಗೆ ಪೆಟ್ಟಿಗೆಯಲ್ಲಿ ಬಂದವು ಹತ್ತು ಹಾಳೆ.
"ಹೈಡ್ರೋಜೆಲ್ಲು, ಬಹುಪಾಲು ನೀರೇ" ಅಂದರು ಹೊಸ ಡಾಕ್ಟರಮ್ಮ,
"ಒದ್ದೆಯಲ್ಲೇ ಮಾಯುತ್ತೆ, ಒಣಗಿಸಬೇಡಿ."
ತಲೆಯಾಡಿಸಿದೆ. ನಂಬಲಿಲ್ಲ.

ಮುನಿತಾಯಮ್ಮ, ಇಸ್ತ್ರಿ ಗಾಡಿ, ಆರನೇ ಕ್ರಾಸು.
ಪೆಟ್ಟಿಗೆಯ ಚಿಲಕ ಕಳಚಿ ಕೆಂಡ ಮುಂಗೈಗೆ ಸುರಿದಾಗ
ಯಾರೋ ಟೂತ್‌ಪೇಸ್ಟು, ಯಾರೋ ಕಾಫಿಪುಡಿ,
ನಾದಿನಿ ಅರಿಶಿನ.
ಎಲ್ಲರ ಪ್ರೀತಿ ತೊಳೆಯುವುದರಲ್ಲೇ ನನಗೆ ಅರ್ಧ ಗಂಟೆ.

ಇಕ್ಕಳದಲ್ಲಿ ಎತ್ತಿದರೆ ಹಾಳೆ ನಡುಗಿತು.
"ತಾಟಿನುಂಗಲ್ವಾ ಸಾರ್ ಇದು?"
ಹೌದು, ಅದೇ. ಗಾಡಿಯವನು ಉಗುರಲ್ಲಿ ಸಿಪ್ಪೆ ಸುಲಿದು
ಎಲೆಯ ಮೇಲಿಡುತ್ತಾನಲ್ಲ, ಅದೇ ನೀರುಬಿಳಿ, ಅದೇ ಜಾರು.
ಇಟ್ಟ ಕೂಡಲೇ ಅವಳ ಭುಜ ಕೆಳಗಿಳಿಯಿತು,
ಬೆಳಿಗ್ಗೆಯಿಂದ ಹೊತ್ತ ಬಟ್ಟೆ ಗಂಟು ಇಳಿಸಿದ ಹಾಗೆ.
ಆಮೇಲೆ ಗದರಿದಳು:
"ಒಳಗಿಂದೆಲ್ಲಾ ಕಾಣ್ತದೆ! ಇದೆಂಥಾ ಮುಚ್ಚೋದು?"

ಗಾಜು ಅನ್ನುತ್ತೇವೆ ಆ ಬಟ್ಟೆಗೆ,
ಆಚೆ ಏನೂ ಕಾಣದಿದ್ದರೂ.
ಇದು ನಿಜಕ್ಕೂ ಗಾಜು.

ಮೂರನೇ ದಿನ ಬಂದಳು.
ಗೋಡೆ ಕಡೆ ತಿರುಗಿ, ಸೆರಗಿನ ತುದಿ ಹಲ್ಲಲ್ಲಿ ಕಚ್ಚಿ,
ಕಣ್ಣು ಮುಚ್ಚಿ ಕೂತಳು.
ನನಗೂ ಅಭ್ಯಾಸ ನೋಡಿ,
ಎಡಗೈಲಿ ಅವಳ ಮೊಣಕೈ ಬಿಗಿಯಾಗಿ ಹಿಡಿದೆ.
ಮೂಲೆ ಎತ್ತಿದೆ.
ಬಂತು.
ಏನನ್ನೂ ಕೇಳದೆ, ಏನನ್ನೂ ಕೊಂಡೊಯ್ಯದೆ.
ಕೆಳಗೆ ಎಳೆಗೆಂಪು. ಅಂಚಿನಿಂದ ಒಳಕ್ಕೆ
ಅಂಬೆಗಾಲಿಡುತ್ತಿದ್ದ ಹೊಸ ಚರ್ಮ,
ಯಾರೂ ಅದನ್ನು ಎಬ್ಬಿಸಿರಲಿಲ್ಲ.

ನೆರಳು ದಾಟಿ ಹೋಯಿತು.
ಸೆರಗು ಬಿಡದೆ ಅವಳು ಗೋಡೆಗೇ ಕೇಳಿದಳು:
"ಇನ್ನೂ ಶುರು ಮಾಡಿಲ್ವಾ ಸಾರ್?"

ಉತ್ತರ ಹೊಳೆಯಲಿಲ್ಲ.
ಅಂಗೈಲಿ ಆ ಹಾಳೆ, ಗಾಯದ ನೀರು ಕುಡಿದು ಉಬ್ಬಿ,
ನನ್ನ ಕೈಯಷ್ಟೇ ಬೆಚ್ಚಗೆ.
ಪೆಟ್ಟಿಗೆಯಲ್ಲಿ ಉಳಿದಿರುವುದು ಎರಡು.
ಪರದೆಯಾಚೆ ಬೆಂಚಿನ ಮೇಲೆ ಆರು ಜನ.
ಗಡಿಯಾರ ಬಿಚ್ಚಿಟ್ಟು
ಬಹಳ ಹೊತ್ತು ಕೈ ತೊಳೆದೆ.