ಬಾರದ್ದರ ಕಾಲಂ

ಮಲ್ಪೆಯಲ್ಲಿ ಮೀನು ಮಾರುವ ಹೆಂಗಸರ ಸಂಘಕ್ಕೆ
ಇಪ್ಪತ್ತಾರು ವರ್ಷದಿಂದ ಗುಮಾಸ್ತ ನಾನು.
ನನ್ನ ಪುಸ್ತಕಕ್ಕೆ ನಾಲ್ಕೇ ಕಾಲಂ:
ಬಂದದ್ದು, ಹೋದದ್ದು, ಸಾಲ, ಐಸು.
ಒದ್ದೆ ಹೆಬ್ಬೆಟ್ಟು ಒಣಗುವ ಮೊದಲೇ ಪುಟ ತಿರುವಿದರೆ
ಎದುರು ಪುಟದವಳ ಹೆಸರಿಗೂ ಸಾಲ ಅಂಟುತ್ತದೆ.
ಹಾಗಾಗಿ ಕಾಯುವುದು ನನಗೆ ಅಭ್ಯಾಸ.

ಮಾರ್ಚಿನಲ್ಲಿ ಮಣಿಪಾಲದಿಂದ ಒಬ್ಬಳು ಬಂದಳು,
ಐರಿನ್ ಲೋಬೊ ಅಂತ, ಬಗಲಲ್ಲಿ ಚಾರ್ಟ್ ಪೇಪರಿನ ಸುರುಳಿ.
ಸಂಸ್ಥೆಗಳಿಗೆ ನಾಳೆಯನ್ನು ನೋಡಲು ಕಲಿಸುವ ಕೆಲಸವಂತೆ.
"ಕವಡೆ ಹಾಕ್ತೀರಾ?" ಕೇಳಿದಳು ಜಲಜಕ್ಕ ತಿಂಗಳಾಯ.
"ಇಲ್ಲ, ಪ್ರಶ್ನೆ ಕೇಳ್ತೇನೆ."
"ಅದಕ್ಕೂ ದುಡ್ಡುಂಟಾ?"
"ಉಂಟು, ಸ್ವಲ್ಪ."

ಗೋಡೆಗೆ ಅಂಟಿಸಿದಳು: ಹತ್ತು ವರ್ಷದ ನಂತರ.
ಯಾರೂ ಬಾಯಿ ಬಿಡಲಿಲ್ಲ.
ಫ್ಯಾನಿನ ಗಾಳಿಗೆ ಹತ್ತು ವರ್ಷ ಕಳಚಿ ನೆಲಕ್ಕೆ ಬಿತ್ತು,
ಯಾರೋ ಅದರ ಮೂಲೆಗೆ ತಕ್ಕಡಿಯ ಬಟ್ಟು ಇಟ್ಟರು,
ಐದು ಕಿಲೋದ್ದು.

ಆಮೇಲೆ ನನ್ನ ಪುಸ್ತಕ ಕೇಳಿದಳು.
"ಬಾರದ್ದನ್ನು ಎಲ್ಲಿ ಬರೀತೀರಿ?"
ಬಾರದ್ದಕ್ಕೆ ತೂಕವಿಲ್ಲ, ತೂಕವಿಲ್ಲದ್ದಕ್ಕೆ ಲೆಕ್ಕವಿಲ್ಲ,
ಆಡಿಟರು ಕೇಳಿದರೆ ಏನು ಹೇಳಲಿ ಎಂದೆ.
ಆದರೂ ಎಳೆದೇಬಿಟ್ಟಳು ಒಂದು ಗೆರೆ, ಸ್ಕೇಲಿಲ್ಲದೆ, ಹಸಿರು ಪೆನ್ನಲ್ಲಿ.
ಆ ರಾತ್ರಿ ನನ್ನ ಸಿಟ್ಟು ಇಳಿಯಲಿಲ್ಲ.

ಹೇಳಿದ್ದಕ್ಕೆ ಬರೆದೆ:
ಬೂತಾಯಿ ಬರಲಿಲ್ಲ, ಇಂದಿಗೆ ಹನ್ನೊಂದು ದಿನ.
ಕಾಣೆ ಇಲ್ಲ.
ಕಾರ್ಗಿಲ್ ಮೀನು ಬಂತು, ರಾಶಿ ರಾಶಿ;
ಕೊಳ್ಳುವವ ಬರಲಿಲ್ಲ.
ಕೇರಳದ ಲಾರಿ ಇಲ್ಲ.
ತೆಂಕು ಗಾಳಿ ಬರಬೇಕಾದ ವಾರ ಬರಲಿಲ್ಲ —
ಇದು ಬೇಬಿ ಕುಂದರ್ ಬರೆಸಿದ್ದು.
ಗಾಳಿಯನ್ನೂ ಬರೆಯಬೇಕಾ ಎಂದರೆ
"ಐಸನ್ನು ಬರೆಯುವುದಿಲ್ಲವಾ? ಅದೂ ನಿಲ್ಲುವುದಲ್ಲ. ಬರಿ."

ಜೂನ್ ಬಂತು. ಬೋಟುಗಳು ಒಂದಕ್ಕೊಂದು ಒರಗಿ ಮಲಗಿದವು.
ಕೆಲಸವಿಲ್ಲದ ಒಂದು ಮಧ್ಯಾಹ್ನ, ಹೊರಗೆ ಮಳೆ,
ಹಸಿರು ಗೆರೆಯಾಚೆಯದನ್ನು ಮೇಲಿಂದ ಕೆಳಗೆ ಓದಿದೆ.
ಬೂತಾಯಿಯ ಮಾತು ಬಿಡಿ, ಮುನಿದ ನೆಂಟ,
ಎರಡು ವರ್ಷ ಬಿಟ್ಟು ತಾನೇ ಬಂದೀತು.
ಆದರೆ ನಡುನಡುವೆ, ನನ್ನದೇ ಅಕ್ಷರದಲ್ಲಿ:
ಸುಶೀಲ ಬರಲಿಲ್ಲ, ಮೊಣಕಾಲು.
ಅಪ್ಪಿ ಬರಲಿಲ್ಲ.
ಅಪ್ಪಿ ಬರಲಿಲ್ಲ.
ಅಪ್ಪಿ
ಹೊಸ ಸದಸ್ಯರು: ಬರಲಿಲ್ಲ.
ಸಂಘದಲ್ಲಿ ಎಲ್ಲರಿಗಿಂತ ಕಿರಿಯವಳಿಗೆ ಐವತ್ತಮೂರು.
ಮೀನು ಮುಗಿದೀತೆಂದು ಹೆದರಿ ಕೂತಿದ್ದೆವು,
ಬುಟ್ಟಿ ಹೊರುವ ತಲೆಗಳು ಮೊದಲು ಮುಗಿಯುತ್ತಿದ್ದವು.

ಆಗಸ್ಟಿನ ಸಭೆಯಲ್ಲಿ ಗಟ್ಟಿಯಾಗಿ ಓದಿದೆ.
ಜಲಜಕ್ಕ ಎಲೆ ಅಡಿಕೆ ಉಗಿದು ಬಂದು ಕೂತಳು.
"ಮಕ್ಕಳು ಬಾರದ್ದು ಒಳ್ಳೆಯದಕ್ಕೇ ಅಲ್ಲವಾ?
ಬರಬೇಡಿ ಅಂದದ್ದೂ ನಾವೇ."
ಐರಿನ್ ಪೆನ್ನಿನ ಮುಚ್ಚಳ ತೆಗೆದಳು,
ಹಾಕಿದಳು. ಏನೂ ಬರೆಯಲಿಲ್ಲ.
ಆ ಹೊತ್ತು ನನಗೆ ಅವಳ ಮೇಲೆ ಮೊದಲ ಬಾರಿ ಗೌರವ ಬಂತು.

ಎರಡನೇ ಐಸ್ ಮಿಷನ್ನಿಗೆ ಕೂಡಿಟ್ಟ ಹಣದಲ್ಲಿ
ಈಗ ಮೂರು ಚಕ್ರದ ಗಾಡಿ ನಿಂತಿದೆ ಶೆಡ್ಡಿನ ಮುಂದೆ.
ಓಡಿಸುವುದು ಯಾರು ಎಂಬ ಜಗಳ ಮುಗಿದಿಲ್ಲ.
ಆಡಿಟರು ಡಿಸೆಂಬರಿನಲ್ಲಿ ಬರುತ್ತಾರೆ;
ಬಾರದಿದ್ದರೆ ಅದಕ್ಕೂ ಜಾಗವಿದೆ.

ಮೊನ್ನೆ ಸಂಜೆ ಜಲಜಕ್ಕನ ಸೊಸೆ, ಪೇಟೆ ಬ್ಯಾಗು ಹೆಗಲಲ್ಲೇ ಇತ್ತು,
ಗಾಡಿ ಹತ್ತಿ ಕೂತಳು,
ಹಾರ್ನು ಒಂದು ಸಲ ಒತ್ತಿ ನೋಡಿದಳು,
ಇಳಿದು ಹೋದಳು.

ಇದು ಬಂದದ್ದೋ, ಬಾರದ್ದೋ?
ಎರಡು ಕಾಲಮಿನ ನಡುವಿನ ಗೆರೆಯ ಮೇಲೆಯೇ
ಪೆನ್ಸಿಲಿನಲ್ಲಿ ಬರೆದಿದ್ದೇನೆ.