ಹಂಗಾಮಿ

ಬ್ಲೂಮ್ಸ್‌ಬರಿಯ ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ
ನನ್ನ ಕೆಲಸ ನೂರು ದಿನದ್ದು.
ಮಂಡಿ ಕೊಯ್ಯಿಸಿಕೊಂಡು ರಜೆಯಲ್ಲಿರುವ ಫಿಲಿಪ್ಪಾಳ ಕುರ್ಚಿ,
ಅವಳ ಹೆಸರು ಬರೆದ ಚಹದ ಲೋಟ,
ಅವಳ ಎತ್ತರಕ್ಕೆ ತಿರುಪಿದ ಕ್ಯಾಮೆರಾ ಸ್ಟ್ಯಾಂಡು.
ಬಿಸ್ಕತ್ತಿನಷ್ಟಗಲದ ಮಣ್ಣಿನ ಹಲಗೆಗಳು
ನೇರ ಬೆಳಕಿಗೆ ಬಾಯಿ ಬಿಡುವುದಿಲ್ಲ.
ಎಡದಿಂದ, ತೀರ ತಗ್ಗಿನಿಂದ ದೀಪ ಹಾಯಿಸಬೇಕು;
ಗೀರಿನೊಳಗೆ ನೆರಳು ನಿಂತರೆ
ಆ ನೆರಳೇ ಅಕ್ಷರ.

ಓದುವವರು ಓಡಿಶೋ, ಈಲಿಂಗಿನಿಂದ ಬರುವ ಮುದುಕರು.
ಹುಟ್ಟಿದ್ದು ಮೊಸುಲಿನಲ್ಲಿ,
ನಿನೆವೆ ಅವರಿಗೆ ಹೊಳೆ ದಾಟಿದರೆ ಸಿಗುವ ಊರು.
"ಚಂದ್ರನನ್ನು ನಾಲ್ಕು ಪಾಲು ಮಾಡಿದ್ದರು:
ಬಲದ್ದು ಅಕ್ಕಾದಿಗೆ, ಎಡದ್ದು ಏಲಾಮಿಗೆ,
ಮೇಲಿನದು ಪಡುವಣಕ್ಕೆ, ಕೆಳಗಿನದು ನಮಗೆ.
ಯಾವ ಪಾಲಿಗೆ ಕಪ್ಪು ಹತ್ತಿತೋ
ಆ ಸೀಮೆಯ ದೊರೆಗೆ ಸಾವು,
ಗುರು ಕಂಡರೆ ಉಳಿದ."
ಗುರುಬಲ, ಅಂದೆ. ನಮ್ಮಲ್ಲಿ ಮದುವೆಗೆ ನೋಡುತ್ತಾರೆ.
"ಅವರಿಗದು ಕಚೇರಿ ಕೆಲಸ.
ಟಪ್ಪಾಲು, ಷರಾ, ತುರ್ತು.
ಮೋಡ ಕವಿದಿತ್ತು, ಬೇರೆ ಊರಿನವರನ್ನು ಕೇಳಿ, ಅಂತ ಒಬ್ಬ.
ಕತ್ತೆಯಿಲ್ಲ ಸ್ವಾಮಿ, ಅರಮನೆಗೆ ನಡೆದೇ ಬರುತ್ತೇನೆ, ಅಂತ ಇನ್ನೊಬ್ಬ."

ಗುರು ಕಾಣದ ರಾತ್ರಿ
ತೋಟದವನನ್ನೋ ಸೆರೆಯಾಳನ್ನೋ ಹಿಡಿದು ತಂದು
ಮೀಯಿಸಿ, ಪಟ್ಟ ಕಟ್ಟಿ,
ಮಗ್ಗುಲಲ್ಲೊಬ್ಬ ಹುಡುಗಿಯನ್ನು ಕೂರಿಸಿ,
ಅಪಶಕುನಗಳನ್ನೆಲ್ಲ ಅವನೆದುರು ಓದಿ
ಅವನ ಉಡುಪಿನ ಅಂಚಿಗೆ ಕಟ್ಟುತ್ತಿದ್ದರಂತೆ.
ನಿಜದ ದೊರೆ ಎಲ್ಲೋ ಅಡಗಿ ರಾಜ್ಯವಾಳುವನು.
ಅವನಿಗೆ ಬರುವ ಓಲೆಗಳ ಒಕ್ಕಣೆ:
ನನ್ನೊಡೆಯ ಆರಂಬಗಾರನಿಗೆ.
ಹೆಚ್ಚೆಂದರೆ ನೂರು ದಿನ.
ಆಮೇಲೆ ಹಂಗಾಮಿ ದೊರೆ
ತನ್ನ ಹಣೆಬರಹದ ಕಡೆಗೆ ನಡೆದ.
ಕಡತ ಮುಗಿಯಿತು.

ನಾನು ಫಿಲಿಪ್ಪಾಳ ಲೋಟ ಕೆಳಗಿಟ್ಟೆ.

ಅವತ್ತೇ ಸಂಜೆ ಗ್ರಹಣ.
ರಸೆಲ್ ಸ್ಕ್ವೇರಿನ ಹುಲ್ಲಿನ ಮೇಲೆ
ಚಿಪ್ಸ್ ತಿನ್ನುತ್ತ ಫೋನೆತ್ತಿ ನಿಂತ ಮಂದಿ.
ಮೋಡ ಹರಿದಾಗ ಕಪ್ಪು
ಕೆಳಗಿನಿಂದಲೇ ಹತ್ತಿಯಾಗಿತ್ತು.
ಎಂಬತ್ತು ಮುಟ್ಟಿದ ಪಂಡಿತರು, ಏನನ್ನೂ ನಂಬದವರು,
ಕತ್ತು ಹೊರಳಿಸಿ ಹೊರಳಿಸಿ ಗುರುವನ್ನು ಹುಡುಕಿದರು.
ಕಟ್ಟಡವೊಂದರ ಮೇಲೆ ಕ್ರೇನಿನ ಕೆಂಪು ದೀಪ.
ಬೇರೇನೂ ಇಲ್ಲ.

"ಅಲ್ಲಿ ಈಗ ದೊರೆಯಿಲ್ಲವಲ್ಲ," ಅಂದೆ, ಸಮಾಧಾನಕ್ಕೆ.
"ಇಲ್ಲ," ಅಂದರು.
"ತಂಗಿಯ ಮಗನಿದ್ದಾನೆ. ದಾಳಿಂಬೆ ತೋಟ."

ಸೋಮವಾರ ಫಿಲಿಪ್ಪಾ ಕೋಲೂರಿಕೊಂಡು ಬರುತ್ತಾಳಂತೆ,
ಎಲ್ಲರಿಗೂ ಸಂತೋಷ, ನನಗೂ.
ಕತ್ತಲಲ್ಲಿ ಒಮ್ಮೆ
ಕೋಟಿನ ಅಂಚು ತಡವಿ ನೋಡಿಕೊಂಡೆ:
ಒಂದು ಸಡಿಲ ನೂಲು, ಅಷ್ಟೇ.
ಎಳೆಯಲಿಲ್ಲ.